ಪಾದ್ರಿ ಬಂಗ್ಲೆ ಕೆಡವಲು ಹೋದ ವೆಂಕಟಸ್ವಾಮಿ

ಶೆಟ್ಟಿಹಳ್ಳಿಯ ವೆಂಕಟಸ್ವಾಮಿಯವರಿಗೆ ಹಳೇ ಮನೆ ಕೆಡವುವುದೇ ಕಸುಬು. ಅಪ್ಪನ ಹೊಲ ಬಡಾವಣೆಗೆ ಹೋದ ಮೇಲೆ ಹಾರೆ ಹಿಡಿದವರು, ಯಲಹಂಕದಿಂದ ಯಶವಂತಪುರದವರೆಗೆ ಎಷ್ಟೋ ಮನೆಗಳನ್ನು ನೆಲಸಮ ಮಾಡಿದ್ದರು. ಬಾಗಿಲು, ಕಂಬ, ತೊಲೆ ಬಿಡಿಸಿ ಮಾರುವುದು, ಉಳಿದ ಮಣ್ಣು ಲಾರಿಗೆ. "ಮನೆ ಅಂದ್ರೆ ಮರ, ಕಲ್ಲು, ಅಷ್ಟೇ ಕಣಪ್ಪ" ಅನ್ನುತ್ತಿದ್ದರು. ಕಲ್ಲೆದೆಯವರೇನಲ್ಲ. ಕೆಡವುವ ಮುನ್ನ ಪ್ರತಿ ಮನೆಯ ಹೊಸ್ತಿಲಿಗೂ ಕರ್ಪೂರ ಹಚ್ಚುತ್ತಿದ್ದರು.

ಕೆಲವು ವರ್ಷದ ಹಿಂದೆ ಚಿಕ್ಕಜಾಲದ ಆಚೆಯ ಒಂದು ಚರ್ಚಿನವರು ಅವರನ್ನು ಕರೆಸಿದರು. ಗುರುಗಳು ವಾಸ ಮಾಡುವ ಮನೆ, ಊರವರ ಬಾಯಲ್ಲಿ ಪಾದ್ರಿ ಬಂಗ್ಲೆ, ಸೋರತೊಡಗಿತ್ತು. ಅದನ್ನು ತೆಗೆದು ಹೊಸ ಕಟ್ಟಡ ಎಬ್ಬಿಸಲು ಚರ್ಚಿನ ಸಮಿತಿ ತೀರ್ಮಾನಿಸಿತ್ತು.

ಅಲ್ಲಿದ್ದವರು ಎಪ್ಪತ್ತು ದಾಟಿದ ಫಾದರ್ ಚೌರಪ್ಪ. ಕೆಡವಲು ಬಂದವರಿಗೆ ಮನೆಯನ್ನೆಲ್ಲ ತಾವೇ ತೋರಿಸಿದರು. ಮುಂದೆ ಅಗಲವಾದ ವರಾಂಡ. ಮೊಳಕ್ಕೂ ಮೀರಿದ ದಪ್ಪ ಗೋಡೆ. ಕೆಂಪು ಗಾರೆ ನೆಲ ಬೇಸಿಗೆಯಲ್ಲೂ ತಣ್ಣಗೆ. ಬಿಸಿ ಗಾಳಿ ಹೊರಗೆ ಹೋಗಲೆಂದು ಸೂರಿನ ಕೆಳಗೆ ಪುಟ್ಟ ಪುಟ್ಟ ಕಿಂಡಿ.

"ಫ್ರಾನ್ಸಿಂದ ಬಂದ ಗುರುಗಳು ಕಟ್ಸಿದ್ದು. ಇಟ್ಟಿಗೆ ಸುಟ್ಟಿದ್ದು ಈ ಊರ ಕೆರೆ ಮಣ್ಣಲ್ಲೇ" ಎಂದರು ಫಾದರ್. "ಪ್ಲೇಗ್ ಬಂದಾಗ ಈ ವರಾಂಡದಲ್ಲೇ ಕಾಯಿಲೆಯವರನ್ನ ಮಲಗ್ಸಿದ್ರಂತೆ. ಆಮೇಲೆ ಸ್ಕೂಲು ನಡೀತು. ಜಾತಿ ಕೇಳಿ ಯಾರನ್ನೂ ವಾಪಸ್ ಕಳ್ಸಿಲ್ಲ ನೋಡಿ."

ವೆಂಕಟಸ್ವಾಮಿ ತಲೆಯಾಡಿಸಿದರು. ಇಂಥ ಕಥೆ ಪ್ರತಿ ಮನೆಗೂ ಇರುತ್ತದೆ.

ಕೆಲಸ ಶುರುವಾಯಿತು. ಊಟದ ಕೋಣೆಯ ತೊಲೆಯೊಂದನ್ನು ಬಿಡಿಸಲು ಅವರೇ ಏಣಿ ಹತ್ತಿದರು. ಹಾರೆ ತಾಗಿದ್ದೇ ತಡ, ಒಳಗೆಲ್ಲ ಗೆದ್ದಲು ತಿಂದಿದ್ದ ತೊಲೆ ಎರಡು ತುಂಡಾಯಿತು. ಏಣಿ ಜಾರಿತು. ಕೆಳಗೆ ಬಿದ್ದ ವೆಂಕಟಸ್ವಾಮಿ ತಲೆಗೆ ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿದರು. ತೊಲೆ ಹೋದ ಮೇಲೆ ತಾರಸಿ ಕುಸಿದು ಬರಲೇಬೇಕು. ಹಾಗೆ ಬಿದ್ದ ತಾರಸಿಗಳನ್ನು ಅವರು ಕಂಡಿದ್ದರು.

ಬೀಳಲಿಲ್ಲ. ಒಂದಿಷ್ಟು ಧೂಳು ಉದುರಿತು, ಅಷ್ಟೇ. ಓರೆಯಾಗಿ ನಿಲ್ಲಿಸಿ ಜೋಡಿಸಿದ್ದ ಸಣ್ಣ ಇಟ್ಟಿಗೆಗಳು ಸುಣ್ಣದ ಗಾರೆಯಲ್ಲಿ ಒಂದನ್ನೊಂದು ಕಚ್ಚಿಕೊಂಡು ಹಾಗೇ ನಿಂತಿದ್ದವು. ಆಳುಗಳು ಓಡಿಬಂದು ಅವರನ್ನು ಹೊರಗೆಳೆದರು.

ಮಧ್ಯಾಹ್ನಕ್ಕೇ ಮನೆಗೆ ಬಂದು ಸೂರು ನೋಡುತ್ತ ಕೂತ ಗಂಡನನ್ನು ಕಂಡು ಸುಬ್ಬಮ್ಮ, "ಯಾಕ್ರೀ ಇಂಗೆ ಕುಂತಿದ್ದೀರಾ?" ಎಂದರು.

"ಇಷ್ಟ್ ವರ್ಷ ಕೆಡವ್ದೆ ಸುಬ್ಬಿ. ಅದು ಎಂಗೆ ನಿಂತೈತೆ ಅಂತ ಒಂದಿನಾನೂ ನೋಡ್ಲಿಲ್ಲ."

"ಈಗ ನೋಡಿ, ಅದಕ್ಕೇನಂತೆ" ಎಂದು ಸುಬ್ಬಮ್ಮ ಮುದ್ದೆ ಬಡಿಸಿದರು.

ಮರುದಿನ ಸಮಿತಿಯವರ ಮುಂದೆ ವೆಂಕಟಸ್ವಾಮಿ, ಕೆಡವುವುದು ಬೇಡವೆಂದು ರಿಪೇರಿಯ ಮಾತೆತ್ತಿದಾಗ ಒಬ್ಬರು ನಕ್ಕೇಬಿಟ್ಟರು. "ಕೆಡವೋಕೆ ಕರೆದ್ರೆ ಕಟ್ತೀನಿ ಅಂತೀರಲ್ಲ!" ಫಾದರ್ ಮಾತ್ರ, "ಒಂದು ಮಳೆಗಾಲ ನೋಡೋಣ, ಬಿಡಿ" ಎಂದರು.

ಕಟ್ಟಿ ಗೊತ್ತಿಲ್ಲದ ವೆಂಕಟಸ್ವಾಮಿ ಯಲಹಂಕದ ಹಳೇ ಗಾರೆ ಮೇಸ್ತ್ರಿ ಮುನಿವೆಂಕಟಯ್ಯನವರನ್ನು ಹುಡುಕಿಕೊಂಡು ಹೋದರು. ಅವರಿಗೆ ಕಣ್ಣು ಮಂಜಾಗಿತ್ತು. ಬಂಗ್ಲೆಯ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರಲ್ಲಿ ಅರೆದ ಗಾರೆಯನ್ನು ಬೆರಳಲ್ಲಿ ಮುಟ್ಟಿ, "ಇನ್ನೂ ಅರೀಬೇಕು ಕಣಯ್ಯ" ಎನ್ನುತ್ತಿದ್ದರು. ವೆಂಕಟಸ್ವಾಮಿಗೆ ಆತುರ. ಹೊಸ ತೊಲೆ ಕೂರಿಸಿ, ತಾರಸಿಗೆಲ್ಲ ಗಾರೆ ಬಳಿದು, ಮುಗೀತು ಅಂದುಕೊಂಡರು. ಮೊದಲ ಮಳೆಗೇ ನೀರು ಫಾದರ್ ಮಂಚದ ಮೇಲೆ ತೊಟ್ಟಿಕ್ಕಿತು.

ಮುಖ ತೋರಿಸಲು ನಾಚಿ ಎರಡು ದಿನ ಅವರು ಹೋಗಲೇ ಇಲ್ಲ. ಫಾದರ್ ಚೌರಪ್ಪನವರೇ ಫೋನ್ ಮಾಡಿದರು. "ಮಂಚ ಆ ಕಡೆ ಎಳ್ಕೊಂಡಿದ್ದೀನಿ ವೆಂಕಟಸ್ವಾಮಿ. ನೀವು ಬನ್ನಿ."

ಮಳೆ ಬಿಡುವು ಕೊಟ್ಟಾಗ ಬಳಿದಿದ್ದನ್ನೆಲ್ಲ ಕೆತ್ತಿ ತೆಗೆದರು. ಈ ಸಲ ಮೇಸ್ತ್ರಿ ಸಾಕು ಎನ್ನುವವರೆಗೂ ಅರೆದರು, ಮರದ ಹಲಗೆಯಿಂದ ಬಡಿದು ಬಡಿದು ಗಟ್ಟಿ ಮಾಡಿದರು, ನಿಧಾನವಾಗಿ ಒಣಗಲೆಂದು ಒದ್ದೆ ಗೋಣಿ ಹೊದಿಸಿ ಕಾದರು. ಹಿಂಗಾರು ಜೋರಾಗಿಯೇ ಬಂತು. ತಾರಸಿ ಒಂದು ಹನಿಯನ್ನೂ ಬಿಡಲಿಲ್ಲ. ಸಮಿತಿಯವರು ಹೊಸ ಕಟ್ಟಡದ ಮಾತನ್ನು ಮತ್ತೆ ಎತ್ತಲಿಲ್ಲ.

ವೆಂಕಟಸ್ವಾಮಿ ಈಗಲೂ ಮನೆ ಕೆಡವುತ್ತಾರೆ. ಹೊಟ್ಟೆಪಾಡು, ನಿಂತಿಲ್ಲ. ಆದರೆ ಯಾರೇ ಕರೆದರೂ, ಹೆಬ್ಬಾಳವಾಗಲಿ, ಆರ್.ಟಿ. ನಗರವಾಗಲಿ, ಮೊದಲು ಏಣಿ ಕೇಳಿ ಮೇಲೆ ಹತ್ತುತ್ತಾರೆ. ಸುತ್ತ ತಟ್ಟಿ ನೋಡಿ ಕೆಳಗಿಳಿದು, "ಇದಕ್ಕಿನ್ನೂ ಆಯಸ್ಸೈತೆ. ಇನ್ನೊಂದ್ ಸಲ ಯೋಚ್ನೆ ಮಾಡಿ" ಅನ್ನುತ್ತಾರೆ. ಬಹಳ ಜನ ಕೇಳುವುದಿಲ್ಲ. ಕಳೆದ ವರ್ಷ ಇಬ್ಬರು ಕೇಳಿದರು.