ಜೋಳದ ಕೋಣೆಯ ಮರುಗ

ನನ್ನ ನಾದಿನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಲಾತೂರಿನ ಭೂಕಂಪದ ಹೊತ್ತಿಗೆ ಹತ್ತು ವರ್ಷದ ಹುಡುಗಿ, ಉಮರ್ಗಾ ಕಡೆಯ ಸೋದರತ್ತೆಯ ಮನೆಯಲ್ಲಿದ್ದಳು. ಗೋಡೆಯಡಿ ಸಿಕ್ಕ ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ. ನಾನು ಉದಗೀರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ: ಎಲ್ಲರ ಬಟ್ಟೆ ಮಡಚುವಳು, ಎಲ್ಲರ ಬೇಳೆ ಆರಿಸುವಳು, ತನ್ನದು ಎನ್ನುವ ಕೆಲಸ ಮಾತ್ರ ಒಂದೂ ಇರಲಿಲ್ಲ.

ಗುಡಿಯ ಮುಂದೆ ಹೂ ಮಾರುವ, ಎಲ್ಲರೂ ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುವ ಹೆಂಗಸು ಒಮ್ಮೆ ನಾದಿನಿಗೆ ಅಂದಳು: "ಮಾಲಿಗಿ ಕಟ್ಟಲಾಕ ಮರುಗ ಸಿಗವಲ್ದು. ನೀ ಬೆಳದ ಕೊಡು. ವಾಸನಿ ಚೊಲೊ ಇದ್ರ ಕಾಯಂ ತೊಗೋತೀನಿ."

ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಬಿಸಿಲಿದ್ದದ್ದು ಮಾಳಿಗೆಯ ಮೇಲೆ; ಕೆಳಗೆ ಖಾಲಿ ಇದ್ದದ್ದು ಕಿಟಕಿಯಿಲ್ಲದ ಜೋಳದ ಕೋಣೆ. ಒಳಗೇ ಗಿಡ ಬೆಳೆಸುವ ದೀಪಗಳಿವೆ ಎಂದು ಮೊಬೈಲಿನಲ್ಲಿ ಹುಡುಕಿ ತೋರಿಸಿದವಳೂ ಅವಳೇ.

ಇಬ್ಬರೂ ಲಾತೂರಿನ ಅಂಗಡಿಗೆ ಹೋದೆವು. ಕಾನ್ವೆಂಟಿನಲ್ಲಿ ಕಲಿತವಳೆಂದು ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಓದುವುದು ನನ್ನ ಪಾಲಿಗೆ ಬಂತು. ನೇರಳೆ ದೀಪದ ಪೆಟ್ಟಿಗೆಯ ಮೇಲೆ ಏಳು ಬೆರಳಿನಂಥ ಎಲೆಯ ಚಿತ್ರ. ಅಂಗಡಿಯವನು ಮರಾಠಿಯಲ್ಲಿ, ಪರದೇಶದವರು ಇದರಡಿ ಗಾಂಜಾ ಬೆಳೆಯುತ್ತಾರೆ, ನೀವೇನು ಬೆಳೆಯುವವರು ಎಂದು ಕೇಳಿ ನಕ್ಕ. ದೇವರಿಗೆ ಏರಿಸುವ ಮರುಗ ಎಂದು ನಾದಿನಿ ಗಂಭೀರವಾಗಿ ಹೇಳಿದಳು. ಇಳುವರಿ ಹೆಚ್ಚು ಎಂದು ಬರೆದಿದೆ, ಇದನ್ನೇ ಒಯ್ಯೋಣ ಎಂದೆ ನಾನು. ಅವಳು ಉರಿಯುವ ದೀಪದ ಕೆಳಗೆ ಅಂಗೈ ಹಿಡಿದಳು.

"ವೈನಿ, ಇದರಾಗ ನನ್ನ ಕೈಯ ಬಣ್ಣನೇ ತಿಳಿವಲ್ದು. ಎಲಿ ಹಳದಿ ಆದ್ರ ಹ್ಯಾಂಗ ಕಾಣಬೇಕು? ದಿನಾ ಅದರ ಮುಂದ ಕೂಡಾಕಿ ನಾನು."

ಬಿಳಿಯ ದೀಪ ತಂದೆವು. ಒಂದು ಮೊಳ ಮೇಲೆ ಕಟ್ಟಿ, ರಾತ್ರಿ ಆರಿಸಿ ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

ಗಿಡ ದಟ್ಟವಾಗಿ ಬಂತು. ಆದರೆ ಎಲೆಯ ಹಸಿರು ದಿನದಿನಕ್ಕೆ ತೆಳುವಾಯಿತು. ಮೊದಲ ಬುಟ್ಟಿ ಒಯ್ದಾಗ ಮಾವಶಿ ಎರಡು ಎಲೆ ತಿಕ್ಕಿ ಮೂಸಿದಳು.

"ಇದು ಮರುಗ ಏನು? ಮೆಂತಿಪಲ್ಯೆ ಅಂತ ಕೊಡು, ಒಗ್ಗರಣಿ ಹಾಕ್ತೀನಿ."

ಆಟೋದಲ್ಲಿ ನಾದಿನಿ ಬುಟ್ಟಿಯ ಅಂಚಿನ ಒಂದೊಂದೇ ಕಡ್ಡಿ ಕೀಳುತ್ತ ಬಂದಳು. ನಾನು ನೋಡದವಳಂತೆ ಹೊರಗೆ ನೋಡಿದೆ.

ಕಾರಣ ಮರುದಿನ ಸಂಜೆ ಸಿಕ್ಕಿತು. ನಾದಿನಿ ದೀಪ ಆರಿಸಿ ಹೊರಬಂದಳು. ಹಿಂದೆಯೇ ಅತ್ತೆ ಒಳಗೆ ಹೋಗಿ ಹಚ್ಚಿದರು. ತಿಂಗಳಿನಿಂದ ಹೀಗೇ ನಡೆದಿತ್ತಂತೆ; ಮುಂಜಾನೆ ದೀಪ ಉರಿಯುವುದನ್ನು ಕಂಡ ನಾದಿನಿ, ಅವ್ವ ಬೇಗ ಎದ್ದು ಹಚ್ಚಿದ್ದಾಳೆ ಎಂದುಕೊಂಡಿದ್ದಳು.

"ದೇವರ ಮರುಗದ ಮುಂದಿನ ದೀಪ ಆರಸ್ತಾರೇನು? ನಂದಾದೀಪ ಇದ್ದಂಗ ಅದು," ಅಂದರು ಅತ್ತೆ. "ಈ ಮನ್ಯಾಗ ಮುಂದ ನಿಂತು ದೀಪ ಆರಿಸಿದವರು ಯಾರೂ ಇಲ್ಲ."

ಗಿಡಕ್ಕೆ ಕತ್ತಲೆಯೂ ಬೇಕು ಎಂದು ನಾನು ಓದಿದ್ದನ್ನೆಲ್ಲ ಹೇಳಿದೆ. ಅತ್ತೆ ಕೇಳಿದರು, ಒಪ್ಪಲಿಲ್ಲ. ನಾದಿನಿ ಅವರ ಪಕ್ಕ ಕೂತು ಮೊಣಕಾಲ ಮೇಲೆ ಕೈಯಿಟ್ಟಳು.

"ಅವ್ವಾ, ದೇವರಿಗಿ ಶೇಜಾರತಿ ಮಾಡಿ ಮಲಗಸ್ತಾರಿಲ್ಲೋ? ರಾತ್ರೆಲ್ಲಾ ಎಬ್ಬಿಸಿ ಕೂಡಸ್ತಾರೇನು?"

ಅತ್ತೆ ಎದ್ದು ಹಿತ್ತಾಳೆಯ ನೀರಾಂಜನ ತಂದು ಗಿಡಗಳಿಗೆ ಬೆಳಗಿ, ದೇವರ ಕೋಣೆಯಲ್ಲಿ ಇಟ್ಟುಬಂದು, ಬಿಳಿ ದೀಪ ಆರಿಸುವ ಗುಂಡಿ ತಾವೇ ಒತ್ತಿದರು. "ಮಲಕೋರಿ," ಅಂದರು ಮರುಗಕ್ಕೆ. ಅಂದಿನಿಂದ ಆ ಕೆಲಸ ಅವರದೇ. ನಾವು ಯಾರೂ ಮುಟ್ಟುವಂತಿಲ್ಲ.

ಹಳೆಯದನ್ನು ಚಿವುಟಿ ತೆಗೆದೆವು. ಹೊಸ ಚಿಗುರು ಸಣ್ಣ, ಸ್ವಲ್ಪ ಒರಟು, ಕಡು ಹಸಿರು. ಬೆಳೆ ಮೊದಲಿನ ಅರ್ಧವೂ ಇರಲಿಲ್ಲ. ಆದರೆ ನೀರು ಚಿಮುಕಿಸಿದರೆ ಪಡಸಾಲೆಯವರೆಗೂ ಘಮ ಬರುತ್ತಿತ್ತು.

ಮಾವಶಿ ಈ ಸಲವೂ ಎಲೆ ತಿಕ್ಕಿದಳು. ಒಂದು ಕುಡಿ ಮುರಿದು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

"ನಾಳಿಂದ ದಿನಾ ತಾ."

"ದಿನಾ ಆಗಂಗಿಲ್ರೀ ಮಾವಶಿ," ಅಂದಳು ನಾದಿನಿ. "ಗಿಡ ಸಣ್ಣವ ಅವ. ಸೋಮವಾರಕ್ಕೊಮ್ಮೆ ಕೊಡ್ತೀನಿ. ಬುಟ್ಟಿ ಒಯ್ಯಲಾಕ ನೀವೇ ಮನಿಗಿ ಬರ್ರಿ."

ಅವಳು ಯಾರಿಗೂ ಹಾಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಾವಶಿ ಒಮ್ಮೆ ಅವಳ ಮುಖ ನೋಡಿದಳು. "ಸೋಮವಾರ ಮುಂಜಾನಿ ಲಗು ಬರ್ತೀನಿ. ಚಹಾ ಇಟ್ಟಿರು," ಅಂದಳು.