ಜಾಳಿಯ ಮೇಲಿನ ವಿಭೂತಿ

ಆ ರವಿವಾರ ಬಸವಂತರಾಯ ಒಲೆಯ ಮುಂದೆ ನಿಂತು ಹೆಂಡತಿಗೆ ಭಾಷಣ ಮಾಡಿದ. ಶಿವಕಾಂತಾ ರೊಟ್ಟಿ ಬಡಿಯುತ್ತಿದ್ದಳು. ಅವನ ಕೈಯಲ್ಲಿ ತೊಗರಿ ಕಟ್ಟಿಗೆಯ ಕಡ್ಡಿ ಇತ್ತು. ಮಾಸ್ತರರ ಹಾಗೆ ಅದರಿಂದ ಗೋಡೆ ತೋರಿಸುತ್ತಿದ್ದ. ಗೋಡೆಯ ಮೇಲೆ ಹೊಗೆಯ ಮಸಿ ಬಿಟ್ಟರೆ ಏನೂ ಇರಲಿಲ್ಲ.

ಬರುವ ವಾರ ಗುಲಬರ್ಗಾದಲ್ಲಿ ದೊಡ್ಡ ಮಾಸ್ತರರ ಮುಂದೆ ಅವನು ಇದನ್ನೇ ಹೇಳಬೇಕಿತ್ತು. ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುವ ಎಂ.ಬಿ.ಎ. ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದದ್ದು ಪ್ರಾಜೆಕ್ಟ್. ಅದನ್ನು ಒಪ್ಪಿದರೆ ಡಿಗ್ರಿ.

"ಯಂತ್ರ ನಡಸೂದು ಒಂದು, ವ್ಯಾಪಾರ ನಡಸೂದು ಒಂದು, ಮಂದೀನ ನಡಸೂದು ಒಂದು" ಅಂದ. "ಮೂರೂ ಕೂಡಿಸಿ ಕಲಸ್ತಾರ."

"ಮಂದೀನ ನಡಸಾಕ ಡಿಗ್ರಿ ಯಾಕ ಬೇಕ್ರಿ? ನಿಮ್ಮವ್ವ ಓದಿಲ್ಲ, ಬರದಿಲ್ಲ. ಇಡೀ ಮನಿ ನಡಸ್ತಾಳ."

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಕಸ್ತೂರಿಬಾಯಿ, "ನನಗ ಕೇಳಸ್ತದಬೇ" ಅಂದಳು.

ಬಸವಂತರಾಯ ಸರಸಂಬಾದವನು. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮನುಷ್ಯ. ಬಿ.ಎಸ್ಸಿ. ಮುಗಿಸಿ ಜೇವರ್ಗಿಗೆ ಬಂದು ದೊಡ್ಡಪ್ಪ ಸಾವಕಾರರ ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಜರ್ ಆದ. ಮದುವೆಯಾಗಿ ಬಂದ ಹೊಸದರಲ್ಲಿ ಶಿವಕಾಂತಾಗೆ ಅವನ ಅಂಗಿಯಿಂದ ತೊಗರಿ ಹೊಟ್ಟು ಝಾಡಿಸುವುದೇ ಕೆಲಸ. ಅವಳು ಕಲಿತದ್ದು ಮೂರನೇ ಇಯತ್ತೆ. ಅವನು ಬೆಳಗಿನ ಜಾವ ಗಟ್ಟಿಯಾಗಿ ಓದುತ್ತಿದ್ದ. ಇಂಗ್ಲಿಷು ಅವಳಿಗೆ ತಿಳಿಯುತ್ತಿರಲಿಲ್ಲ. ಅವನ ದನಿ ಇದ್ದರೆ ಕೆಲಸ ಸಾಗುತ್ತಿತ್ತು.

ಮಿಲ್ಲಿನ ನಡುವೆ ಒಂದು ದೊಡ್ಡ ಗಾಲಿ. ಮೋಟರಿನಿಂದ ಅದಕ್ಕೆ ಚರ್ಮದ ಪಟ್ಟಾ. ಗಾಲಿ ತಿರುಗಿದರೆ ಇಡೀ ಮಿಲ್ಲು ತಿರುಗುತ್ತದೆ. ಒಮ್ಮೆ ಬೇಳೆ ಹಸನು ಮಾಡುವ ಪೀರಬಿಯ ಸೆರಗು ಪಟ್ಟಾಕ್ಕೆ ಸಿಕ್ಕಿತು. ಹಳೆಯ ಸೀರೆ, ಹರಿಯಿತು. ಅದಕ್ಕೇ ಅವಳು ಉಳಿದಳು. ಅಂದು ಬಸವಂತರಾಯ ಊಟ ಮಾಡಲಿಲ್ಲ. ಮರುದಿನವೇ ಯಾಕೂಬಸಾಬ ಮಿಸ್ತ್ರಿಯನ್ನು ಕರೆಸಿ ಗಾಲಿಯ ಸುತ್ತ ಬಲೆಯಂಥ ಕಬ್ಬಿಣದ ಜಾಳಿ ಮಾಡಿಸಿದ. ಬೋಲ್ಟು ಹಾಕಿ ಬಿಗಿಸಿದ. ಅವನ ಪ್ರಾಜೆಕ್ಟ್ ಅಂದರೆ ಆ ಜಾಳಿಯೇ.

ಒಂದೇ ತೊಡಕು. ಅಮಾಸಿ ಬಂತೆಂದರೆ ಹಮಾಲರು ಜಾಳಿ ಬಿಚ್ಚಿ ಇಡುತ್ತಿದ್ದರು. ಅಂದು ಗಾಲಿಗೆ ನೀರು ಹಾಕಿ, ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ. ಪೂಜೆಯಾಗಿ ಮಿಲ್ಲು ಶುರುವಾದ ಮೇಲೆ ಮೊದಲ ಚೀಲ ತುಂಬುವ ತನಕ ಗಾಲಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ತಿಂಗಳೆಲ್ಲ ಕೇಡು. ಅಪ್ಪಂದಿರ ಕಾಲದಿಂದ ಬಂದ ಪದ್ಧತಿ. ಹಾಗಾಗಿ ಅಮಾಸಿ ದಿನ ಮೊದಲ ಚೀಲದ ತನಕ ಗಾಲಿ ಬತ್ತಲೆ ತಿರುಗುತ್ತಿತ್ತು.

"ಬೋರ್ಡ್ ಬರದು ಹಚ್ಚಿದೆ. ಬೈದೆ. ಕೈ ಮುಗದೆ" ಅಂದ ಬಸವಂತರಾಯ. "ಜಾಳಿ ಮ್ಯಾಲ ಅವರಿಗೆ ಸಿಟ್ಟಿಲ್ಲ. ದ್ಯಾವರಿಗೆ ಅಡ್ಡ ಆಗ್ತದ ಅಂತಾರ. ನೀ ಆಗಿದ್ರ ಏನ್ ಮಾಡ್ತಿದ್ದಿ?"

ಶಿವಕಾಂತಾ ರೊಟ್ಟಿ ತಿರುವಿದಳು. "ನಾ ದಿನಾ ಹೊಸ್ತಿಲ ಪೂಜಿ ಮಾಡ್ತೇನಿ. ಒಳಗ ಪಡಸಾಲಿಗೆ, ಅಡಗಿ ಮನಿಗೆ ಬ್ಯಾರೆ ಮಾಡ್ತೇನೇನ್ರಿ? ಹೊಸ್ತಿಲಿಗೆ ಮಾಡಿದ್ರ ಮನಿಗೆಲ್ಲ ಮುಟ್ತದ."

ಅವನು ಕಡ್ಡಿ ಕೆಳಗಿಟ್ಟ. "ಅಂದ್ರ ಜಾಳಿಗೇ ವಿಭೂತಿ ಹಚ್ಚೂದು."

"ನಾ ಹೊಸ್ತಿಲ ಮಾತಾಡಿದ್ರ ನೀವು ಮಿಲ್ಲಿಗೆ ಹೋದ್ರಿ ನೋಡ್ರಿ."

"ನಾಳೆ ಅಮಾಸಿ. ಹೇಳಿ ನೋಡ್ತೇನಿ" ಅಂದ. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಹಾಕಿಕೊಂಡು ಉಂಡ. ಮಧ್ಯಾಹ್ನ ಬಾಯಿ ತೆರೆದು ಮಲಗಿದ. ಸಂಜೆ ಅವ್ವನ ಕಾಲಿಗೆ ಎಣ್ಣೆ ತಿಕ್ಕಿದ. ಹೇಳಿಕೊಳ್ಳುವಂಥದ್ದು ಏನೂ ನಡೆಯದ ದಿನ ಅದು.

ಮರುದಿನ ಸ್ನಾನ ಮಾಡಿ, ಲಿಂಗಪೂಜೆ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೋದ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿದ್ದ. ತೋಳು ಮಡಚಿದ್ದ. ಮಿಲ್ಲಿಗೆ ಹೋಗುವಾಗ ಮೈಮೇಲೆ ಜೋತಾಡುವಂಥದ್ದು ಏನೂ ಇರಬಾರದು, ಅದು ಅವನದೇ ನೇಮ. ಹೆಗಲ ಮೇಲೆ ಟವೆಲ್ ಹಾಕಿದ್ದನ್ನು ಅವಳು ಒಂದು ದಿನವೂ ಕಂಡವಳಲ್ಲ.

ಅವಳು ಮಧ್ಯಾಹ್ನದ ಹಿಟ್ಟು ನಾದುತ್ತಿದ್ದಾಗ ಯಾಕೂಬಸಾಬ ಬಂದ. ಬಾಗಿಲಲ್ಲಿ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

"ಬಾಯಿ, ಅಮ್ಮನ್ನ ಕರೀರಿ" ಅಂದ.

"ಯಾಕ್ರಿ, ಅವರಿಗೆ ಏನಾಗ್ಯದ?"

"ಅಮ್ಮನ್ನ ಕರೀರಿ."

ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ಅದನ್ನು ನೋಡಿಯೇ ಅವಳಿಗೆ ತಿಳಿಯಿತು. ತಿಳಿದರೂ ಕೈ ಹಿಟ್ಟು ನಾದುತ್ತಲೇ ಇತ್ತು. ಆ ಹಿಟ್ಟು ಅವಳ ಕೈಗೆ ಒಣಗಿ ಅಂಟಿ ಸಂಜೆಯವರೆಗೂ ಹಾಗೇ ಇತ್ತು. ತೊಳೆದುಕೋ ಎಂದು ಯಾರೂ ಹೇಳಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ಬಸವಂತರಾಯನನ್ನು ತಂದು ಗೋಡೆಗೆ ಒರಗಿಸಿ ಕೂಡಿಸಿದರು. ಹಣೆ ತುಂಬ ವಿಭೂತಿ ಬಳಿದಿದ್ದರು. ಕೊರಳ ಸುತ್ತ ಹೊಸ ಬಟ್ಟೆ ಸುತ್ತಿದ್ದರು. ಅದನ್ನು ತೆಗೆಯಲು ಬಿಡಲಿಲ್ಲ. ಅವಳು ಅಳಲಿಲ್ಲ. ಅವನ ಅಂಗಿಯ ತೋಳು ನೋಡಿದಳು. ಮಡಚಿದ್ದು ಮಡಚಿದಂತೆಯೇ ಇತ್ತು. ಹಾಗಿದ್ದರೆ ಹೇಗೆ ಸಿಕ್ಕಿತು? ಏನು ಸಿಕ್ಕಿತು? ಮಣ್ಣು ಮಾಡಿ ಬಂದ ಮೇಲೂ ಅವಳ ತಲೆಯಲ್ಲಿ ಅದೊಂದೇ ಮಾತು. ಜಾಳಿ ಮಾಡಿಸಿದ ಮನುಷ್ಯ ಬತ್ತಲೆ ಗಾಲಿಯ ಹತ್ತಿರ ಯಾಕೆ ನಿಂತ?

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಹಮಾಲ ಬೀರಣ್ಣ ಬಂದ. ಕಟ್ಟೆಯ ಕೆಳಗೆ ನೆಲದ ಮೇಲೆ ಕುಳಿತ.

"ಯಕ್ಕಾ, ಸಾಹೇಬ್ರು ದೊಡ್ಡ ಡಿಗ್ರಿ ಮುಗಸಾಕತ್ತಾರಂತ ನಾವೆಲ್ಲ ಕೂಡಿ ಸನ್ಮಾನ ಮಾಡ್ಬೇಕಂದ್ವಿ" ಅಂದ. "ಅವರು ಬರೂದ್ರಾಗ ಪೂಜಿ ತಯಾರ್ ಇರ್ಲಿ ಅಂತ ಲಗೂನ ಜಾಳಿ ಬಿಚ್ಚಿದ್ವಿ. ಅವರು ಬಂದ ಕೂಡ್ಲೆ ಹಾರ ಹಾಕಿ ಹೆಗಲಿಗೆ ಹೊಸ ಟವೆಲ್ ಹೊಚ್ಚಿದ್ವಿ."

ಟವೆಲ್ ಅಂದ ಕೂಡಲೇ ಶಿವಕಾಂತಾ ತಲೆ ಎತ್ತಿದಳು.

"ಕಾಯಿ ಒಡದು ಮೋಟರ್ ಹಚ್ಚಿಬಿಟ್ಟಿದ್ವಿ. ಸಾಹೇಬ್ರು ಜಾಳಿ ಕಡೆ ನೋಡಿದ್ರು. 'ನಿಮಗೊಂದು ಮಾತು ಹೇಳೂದಿತ್ತು, ನಮ್ಮ ಮನಿಯಾಕಿ ಹೇಳಿದ ಮಾತು. ಆಗಲಿ, ಚೀಲ ತುಂಬಲಿ, ಆಮ್ಯಾಲ ಹೇಳ್ತೇನಿ' ಅಂದ್ರು. ಯಾರೂ ಹತ್ತರ ಬರಬ್ಯಾಡ್ರಿ ಅಂತ ತಾವೇ ಗಾಲಿ ಮುಂದ ಕೈ ಅಡ್ಡ ಮಾಡಿ ನಿಂತ್ರು. ಹಾರ ತಗದಿಟ್ಟಿದ್ರು. ಟವೆಲ್ ತಗೀಲಿಲ್ಲ. ಅದರ ತುದಿ ಪಟ್ಟಾಕ್ಕ ಸಿಕ್ತು."

"ಯಾಕ ತಗೀಲಿಲ್ಲ?"

"ನಾವು ಹೊಚ್ಚಿದ್ದಲ್ಲೇನ್ ಯಕ್ಕಾ. ನಮ್ಮ ಮುಂದ ಹ್ಯಾಂಗ ತಗೀತಾರ?"

ಅಷ್ಟು ಹೇಳಿ ಅವನು ನೆಲಕ್ಕೆ ಹಣೆ ಹಚ್ಚಿದ. ಶಿವಕಾಂತಾ ಅವನನ್ನು ಏಳಿಸಲೂ ಇಲ್ಲ, ಬೈಯಲೂ ಇಲ್ಲ. ಪ್ರೀತಿಯಿಂದ ಹೊದಿಸಿದ ಬಟ್ಟೆ. ಯಾರನ್ನು ಬೈಯುವುದು? ಮಂದಿಯನ್ನು ನಡೆಸುವುದು ಕಲಿತವನು ಮಂದಿಯ ಮನಸ್ಸು ನೋಯದಿರಲಿ ಎಂದು ಟವೆಲ್ ಇಟ್ಟುಕೊಂಡ. ಅವಳಿಗೆ ತಿಳಿದದ್ದು ಇಷ್ಟೇ. 

ಮಿಲ್ಲು ಬಂದ್ ಆಯಿತು. ಬರುವ ಅಮಾಸಿಗೆ ದೊಡ್ಡ ಪೂಜೆ ಮಾಡಿ ಶುರು ಮಾಡುತ್ತಾರೆ ಎಂದು ಪೀರಬಿ ಬಂದು ಹೇಳಿದಳು. ಹೇಳುತ್ತ ಹೇಳುತ್ತ ತಡೆದಳು.

"ಹೇಳಬೇ" ಅಂದಳು ಶಿವಕಾಂತಾ.

"ಜಾಳಿ ಹಾಕಿ ಗಾಲೀನ ಕಟ್ಟಿಟ್ರು, ಅದಕ್ಕೇ ಅದು ಬಲಿ ತಗೊಂಡ್ತು ಅನ್ನಾಕತ್ತಾರ. ಜಾಳೀನ ಗುಜರಿಗೆ ಹಾಕ್ತಾರಂತ."

ಶಿವಕಾಂತಾಗೆ ಗಂಡ ಎರಡನೆಯ ಸಲ ಸತ್ತ ಹಾಗಾಯಿತು. ಜಾಳಿ ಇಲ್ಲದ್ದಕ್ಕೆ ಹೋದವನು ಜಾಳಿಯಿಂದ ಹೋದ ಎಂದು ಊರು ಹೇಳುತ್ತದೆ. ನಾಳೆ ಇನ್ನೊಬ್ಬಳ ಸೆರಗು ಹೋಗುತ್ತದೆ. ಆ ಸೀರೆ ಹಳೆಯದಿರುವುದಿಲ್ಲ.

ಅಮಾಸಿ ದಿನ ಬೆಳಿಗ್ಗೆ ಅವನ ಪೂಜೆಯ ಪೆಟ್ಟಿಗೆಯಿಂದ ವಿಭೂತಿ ಗಟ್ಟಿ ತೆಗೆದುಕೊಂಡಳು. ಅವನ ಬೆರಳು ತಿಕ್ಕಿ ತಿಕ್ಕಿ ಒಂದು ಬದಿ ಸವೆದಿತ್ತು. ಗಂಡ ಸತ್ತವಳು ತಿಂಗಳೊಳಗೆ ಮನೆ ಬಿಟ್ಟು ಹೊರಡುವುದನ್ನು ಅತ್ತೆ ಕಟ್ಟೆಯ ಮೇಲಿಂದ ನೋಡಿದಳು. ಕೈಯಲ್ಲಿದ್ದುದನ್ನೂ ನೋಡಿದಳು.

"ಬರಿಗಾಲಲ್ಲಿ ಹೋಗಬ್ಯಾಡ. ಅಲ್ಲಿ ಮೊಳೆ ಬಿದ್ದಿರ್ತಾವ" ಅಂದಳು.

ಮಿಲ್ಲಿನಲ್ಲಿ ಎಲ್ಲರೂ ಕೂಡಿದ್ದರು. ಜಾಳಿ ಮೂಲೆಯಲ್ಲಿ ಬಿದ್ದಿತ್ತು. ದೊಡ್ಡಪ್ಪ ಸಾವಕಾರರು ಎದ್ದು ನಿಂತರು.

"ತಂಗಿ, ನೀ ಯಾಕ ಬರಾಕ ಹೋದಿ? ಪೂಜಿ ಹೊತ್ತು ಇದು."

"ವಿಭೂತಿ ಹಚ್ಚಾಕ ಬಂದೇನ್ರಿ. ಕುಂಕುಮ ಅಳಿಸ್ಯಾರ, ವಿಭೂತಿ ಯಾರೂ ಅಳಿಸಿಲ್ಲ."

ಸಾವಕಾರರು ಬದಿಗೆ ಸರಿದರು. ಶಿವಕಾಂತಾ ಯಾಕೂಬಸಾಬನ ಕಡೆ ತಿರುಗಿದಳು. "ಮಿಸ್ತ್ರೀ, ಜಾಳಿ ಕೂಡಸ್ರಿ."

ಅವನು ಸಾವಕಾರರ ಮುಖ ನೋಡಿದ. ಬೀರಣ್ಣ ಯಾರ ಮುಖವನ್ನೂ ನೋಡಲಿಲ್ಲ. ಹೋಗಿ ಜಾಳಿಯ ಒಂದು ಮಗ್ಗುಲು ಎತ್ತಿದ. ಆಗ ಮಿಸ್ತ್ರಿ ಇನ್ನೊಂದು ಮಗ್ಗುಲು ಹಿಡಿದ. ಇಬ್ಬರೂ ಕೂಡಿ ಬೋಲ್ಟು ಬಿಗಿದರು.

"ಅವರು ಚೀಲ ತುಂಬಿದ ಮ್ಯಾಲ ಹೇಳ್ತೇನಿ ಅಂದಿದ್ರಲ್ಲ, ಆ ಮಾತು ಇದು" ಅಂದಳು ಶಿವಕಾಂತಾ. "ಜಾಳಿ ಅಂದ್ರ ಗಾಲಿ ಹೊಸ್ತಿಲು. ಹೊಸ್ತಿಲಿಗೆ ಮಾಡಿದ್ದು ಒಳಗ ಮುಟ್ತದ. ಹೊಸ್ತಿಲು ಕಿತ್ತಿಟ್ಟು ಯಾರೂ ಪೂಜಿ ಮಾಡೂದಿಲ್ಲ."

ಅಂಗೈಯಲ್ಲಿ ನೀರು ಹಾಕಿ ಗಟ್ಟಿ ತೇಯ್ದಳು. ಜಾಳಿಯ ಮೇಲೆ ಮೂರು ಬೆರಳು ಎಳೆದಳು. ಕಂಡಿಗಳಿಗೆ ತಾಗಿ ಗೆರೆ ಸೊಟ್ಟಾಯಿತು. ಬೀರಣ್ಣ ಕಾಯಿ ತಂದು ಜಾಳಿಯ ಮುಂದೆ ಒಡೆದ. ಅಂದು ಮೊದಲ ಚೀಲ ತುಂಬುವ ತನಕ ಅವಳು ಅಲ್ಲಿಯೇ ನಿಂತಿದ್ದಳು. ಗಾಲಿ ಒಳಗೆ ತಿರುಗುತ್ತಿತ್ತು.  ಅವಳು ಅದರಿಂದ ಕಣ್ಣು ತೆಗೆಯಲಿಲ್ಲ.

ಡಿಗ್ರಿ ಬರಲಿಲ್ಲ. ಸಾವಕಾರರು ಶಿವಕಾಂತಾಗೆ ಪೀರಬಿಯ ಜೊತೆ ಬೇಳೆ ಹಸನು ಮಾಡುವ ಕೆಲಸ ಕೊಟ್ಟರು. ಮೊದಮೊದಲು ಅಮಾಸಿಗೆ ಮಾತ್ರ ಜಾಳಿಗೆ ವಿಭೂತಿ ಹಚ್ಚುತ್ತಿದ್ದಳು. ನಡುವಿನ ದಿನಗಳಲ್ಲಿ ಯಾರಾದರೂ ಬಿಚ್ಚಿಟ್ಟರೇನೋ ಎಂದು ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ದಿನಾ ಹಚ್ಚತೊಡಗಿದಳು. ಅವನ ಗಟ್ಟಿ ಸವೆದು ತೀರಿತು. ಬೇರೆ ಕೊಂಡಳು.

ಈಗಲೂ ಮನೆಯ ಹೊಸ್ತಿಲಿಗೆ ನೀರು ಹಾಕಿ, ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮೊದಲು ಮಿಲ್ಲಿಗೆ ಹೋಗುತ್ತಾಳೆ. ಜಾಳಿಯ ಮೇಲಿನ ಹೊಟ್ಟನ್ನು ಸೆರಗಿನಿಂದ ಒರೆಸುತ್ತಾಳೆ. ಆ ಸೆರಗನ್ನು ನಡುವಿಗೆ ಬಿಗಿಯಾಗಿ ಸಿಗಿಸಿಕೊಳ್ಳುತ್ತಾಳೆ. ವಿಭೂತಿ ತೇಯ್ದು ಹಚ್ಚುತ್ತಾಳೆ. ಒಂದೊಂದೇ ಬೋಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಅಷ್ಟೊತ್ತಿಗೆ ಬೀರಣ್ಣ ಬಂದು, ಹೆಗಲ ಟವೆಲ್ ತೆಗೆದು ಗೂಟಕ್ಕೆ ಹಾಕಿ, ಮೋಟರಿನ ಹತ್ತಿರ ಕಾಯುತ್ತಿರುತ್ತಾನೆ. ಅವಳು ಹೂಂ ಅನ್ನುತ್ತಾಳೆ. ಅವನು ಗುಂಡಿ ಒತ್ತುತ್ತಾನೆ.