ಹನ್ನೆರಡನೆಯ ಹೆಸರು

ಗದಗಿನ ಹತ್ತಿ ಗಿರಣಿಯ ಹಾಜರಿ ಪುಸ್ತಕದಲ್ಲಿ ನಾನು ಗುಮಾಸ್ತ. ಸಂಬಳ ಬರುತ್ತಿದ್ದುದು ಫುಟ್‌ಬಾಲ್ ಆಡುವುದಕ್ಕೆ. ಧಾರವಾಡದಲ್ಲಿ ಬಿ.ಎ. ಮುಗಿಸಿದವನನ್ನು ಗಿರಣಿಯವರು ಕರೆದದ್ದು ಪದವಿ ನೋಡಿ ಅಲ್ಲ, ಕಾಲೇಜು ತಂಡದಲ್ಲಿ ಎಡಗಡೆಯ ಬ್ಯಾಕ್ ಆಗಿದ್ದೆನೆಂದು. ಬಲಗಡೆಯ ಬ್ಯಾಕ್ ಹತ್ತಿರದ ಹರ್ತಿ ಎಂಬ ಹಳ್ಳಿಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಕೆಲಸದಲ್ಲಿದ್ದ. ಇಬ್ಬರಿಗೂ ಒಂದೇ ಕರಾರು: ತಂಡದಲ್ಲಿರುವವರೆಗೆ ಕೆಲಸ.

ಬರಿಗಾಲಲ್ಲಿ ಆಡುತ್ತಿದ್ದೆವು. ಕಾಲಿನ ಹರಡಿಗೆ ಬಟ್ಟೆಯ ಪಟ್ಟಿ ಸುತ್ತಬೇಕು. ತಾನೇ ಬಾಗಿ ಕಟ್ಟಿಕೊಂಡರೆ ಬಿಗಿ ತಿಳಿಯುವುದಿಲ್ಲವೆಂದು ಒಬ್ಬರದನ್ನು ಇನ್ನೊಬ್ಬರು ಕಟ್ಟುವುದು ರೂಢಿ.

"ಲೇ ಬಿ.ಎ., ಕಾಲಿಡು," ಎನ್ನುತ್ತಿದ್ದ ಹರ್ತಿಯವನು. "ಧಾರವಾಡದಾಗ ಎಲ್ಲಾ ಕಲಿಸ್ಯಾರ, ಇದೊಂದು ಬಿಟ್ಟಾರ."

ಸ್ವಾತಂತ್ರ್ಯ ಬಂದ ದಿನ ನಾವು ಮುಂಡರಗಿಯಲ್ಲಿ ಆಡಿದೆವೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿ ತೆಗೆದು ನೋಡಿದರೆ ಅಂದು ನನಗೆ ಜ್ವರ. ಮುಂಡರಗಿಯ ಪಂದ್ಯ ಎರಡು ವಾರದ ಮೇಲೆ. ಹಾಗಾಗಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಆಗ ಲಕ್ಷ್ಮೇಶ್ವರ, ಶಿರಹಟ್ಟಿ ಬೇರೆ ಬೇರೆ ಸಂಸ್ಥಾನದ ಊರುಗಳು. ಅಲ್ಲಿಯವರನ್ನು ಗಿರಣಿ ತಂಡಕ್ಕೆ ಸೇರಿಸುವಂತಿರಲಿಲ್ಲ. ಸಂಸ್ಥಾನಗಳು ಹೋದ ಮೇಲೆ ಆ ನಿಯಮವೂ ಹೋಯಿತು. ಒಳ್ಳೆಯದಾಯಿತು ಎಂದು ಬರೆದುಕೊಂಡಿದ್ದೇನೆ.

ಏಕೀಕರಣದ ವರ್ಷ ನನ್ನ ಮೊಣಕಾಲು ಕೆಟ್ಟಿತು. ಓದುಬರಹ ಬಲ್ಲವನೆಂದು ನನ್ನನ್ನೇ ತಂಡದ ಮ್ಯಾನೇಜರ್ ಮಾಡಿದರು. ನಮ್ಮಲ್ಲಿ ಆಡುವವರ ಹೆಸರು ಕೂಗುತ್ತಿರಲಿಲ್ಲ. ಮೈದಾನದಲ್ಲಿ ಮ್ಯಾನೇಜರ್ ಟ್ರಂಕು ತೆಗೆದು ಅಂಗಿ ಕೊಡುತ್ತಾನೆ, ಸಿಕ್ಕವರು ಆಡುತ್ತಾರೆ. ಆ ವರ್ಷ ಲಕ್ಷ್ಮೇಶ್ವರದಿಂದ ಒಬ್ಬ ಹೊಸ ಬ್ಯಾಕ್ ಬಂದಿದ್ದ. ಹರ್ತಿಯವನಿಗಿಂತ ವೇಗವಾಗಿ ತಿರುಗುತ್ತಿದ್ದ. ಅದು ಎಲ್ಲರಿಗೂ ಕಾಣುತ್ತಿತ್ತು.

ಮೊದಲ ಭಾನುವಾರ ಹತ್ತು ಅಂಗಿ ಕೊಟ್ಟೆ. ಉಳಿದೊಂದನ್ನು ಲಕ್ಷ್ಮೇಶ್ವರದವನ ಕೈಗಿಟ್ಟೆ. ಹರ್ತಿಯವನು ಆಗಲೇ ತನ್ನ ಅಂಗಿ ಬಿಚ್ಚಿ ನಿಂತಿದ್ದ. ಮತ್ತೆ ತೊಟ್ಟುಕೊಂಡ. ಗುಂಡಿ ತಪ್ಪಿತು, ಬಿಚ್ಚಿ ಸರಿಯಾಗಿ ಹಾಕಿಕೊಂಡ. ಆಮೇಲೆ ಹೊಸಬನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕಾಲಿಡೋ ತಮ್ಮಾ. ಬಿಗಿ ಬೇಕೇನು?"

"ಸ್ವಲ್ಪ ಸಡ್ಲ ಇರ್ಲಿರಿ, ಅಣ್ಣಾರ."

"ಸಡ್ಲ ಬಿಟ್ರ ಅರ್ಧಾಟದಾಗ ಪಟ್ಟಿ ಬಿಚ್ಚಿ ಬಾಲ ಆಗ್ತೈತಿ. ಸುಮ್ನ ಇಡು."

ಆಗ ನನಗೇನನ್ನಿಸಿತು? ದಿನಚರಿಯಲ್ಲಿ 'ಒಂದು–ಸೊನ್ನೆ, ಗೆದ್ದೆವು, ಬಿಸಿಲು' ಎಂದಷ್ಟೇ ಇದೆ. ದುಃಖವಾಯಿತೆಂದು ಬರೆದರೆ ಅದು ಇವತ್ತಿನ ದುಃಖವಾಗುತ್ತದೆ.

ಸೋಮವಾರ ಕಚೇರಿಯವರು ತಂಡದ ಪಟ್ಟಿ ಕೇಳಿದರು. ಪಟ್ಟಿಯಲ್ಲಿದ್ದವರ ಕೆಲಸ ಮುಂದುವರಿಯುತ್ತಿತ್ತು. ಹನ್ನೆರಡನೆಯವನೆಂದು ಒಬ್ಬನನ್ನು ಹೆಚ್ಚಿಗೆ ಬರೆಯಲು ಅವಕಾಶವಿತ್ತು. ಬರೆದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಹಿಂದಿನ ದಿನ ಆಡಿದವರನ್ನು ಬರೆಯುತ್ತ ಹೋದೆ, ಹನ್ನೊಂದಾಯಿತು, ಕಾಗದ ಮಡಿಸಿದೆ. ಗೆಳೆಯನೆಂದು ಉಳಿಸಿಕೊಂಡ ಎಂದಾರೆಂದು ಹೆದರಿದೆನೋ, ನಿಜಕ್ಕೂ ಹೊಳೆಯಲಿಲ್ಲವೋ? ಎರಡನ್ನೂ ಬೇರೆ ಬೇರೆ ಜನರಿಗೆ ಹೇಳಿದ್ದೇನೆ. ಎರಡನ್ನೂ ಅವರು ಒಪ್ಪಿದ್ದಾರೆ.

ಆ ಶನಿವಾರದ್ದು ದಿನಚರಿಯಲ್ಲಿಲ್ಲ. ಆದರೂ ನಡೆದದ್ದು ಹೀಗೆಯೇ ಎಂದು ತಿಳಿದಿದ್ದೇನೆ. ಕಚೇರಿಯವರು ಕೊಟ್ಟ ಕಾಗದ ಹಿಡಿದು ಹರ್ತಿಯವನು ನನ್ನ ಮೇಜಿನ ಹತ್ತಿರ ಬಂದ.

"ಸಹಿ ಎಲ್ಲಿ ಮಾಡ್ಲಿರಿ?"

ಬೆರಳಿಟ್ಟು ತೋರಿಸಿದೆ. "ಇಲ್ಲಿ, ಅಣ್ಣಾ."

"ಇಂಗ್ಲೀಷಿನ್ಯಾಗ ಐತಲ್ರಿ. ಏನಂತ ಬರದಾರ?"

"ನೀನ ಖುದ್ದ ಕೆಲಸ ಬಿಡಾಕತ್ತಿ ಅಂತ."

"ಹೌದೇನ್ರಿ? ಆತು ಬಿಡ್ರಿ," ಎಂದು ಸಹಿ ಮಾಡಿದ. ಮಸಿ ಆರುವವರೆಗೆ ನಿಂತ. ಆಮೇಲೆ ನನಗೆ ಓದಲು ಅನುಕೂಲವಾಗುವಂತೆ ಕಾಗದವನ್ನು ನನ್ನ ಕಡೆ ತಿರುಗಿಸಿಟ್ಟು ಹೋದ.